ಕೆಟ್ಟದ್ದು ಕ್ಲಚ್‌, ಬದಲಾಗುವುದು ಕಂಪ್ರೆಸರ್‌

ಹಳೆಯ ಪಿಕಪ್‌ ಟ್ರಕ್ಕಿನ ಎ.ಸಿ. ನಿಂತರೆ ಮೊದಲು ಬರುವ ಮಾತು ಗ್ಯಾಸ್‌, ಎರಡನೆಯದು ಹೊಸ ಕಂಪ್ರೆಸರ್‌. ಇವೆರಡಕ್ಕೂ ಮುನ್ನ ನೋಡಬೇಕಾದ ಭಾಗವೊಂದಿದೆ. ಅದು ಕೆಟ್ಟಿದ್ದರೆ ಅದನ್ನಷ್ಟೇ ಬದಲಿಸುವುದು ಕಿಸೆಗೂ ಒಳ್ಳೆಯದು, ವಾತಾವರಣಕ್ಕೂ ಒಳ್ಳೆಯದು.

ಬೆಳಿಗ್ಗೆ ಹೊರಟಾಗ ಎ.ಸಿ. ಚೆನ್ನಾಗಿಯೇ ತಂಪು ಕೊಡುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ, ತಂಪು ನಿಜಕ್ಕೂ ಬೇಕಾದಾಗ, ಅದೇ ಕಿಂಡಿಯಿಂದ ಬಿಸಿಗಾಳಿ ಬರತೊಡಗುತ್ತದೆ. ಸಂಜೆ ಎಂಜಿನ್‌ ಆರಿದ ಮೇಲೆ ಮತ್ತೆ ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ತಂಪು ಮರಳುತ್ತದೆ. ಹತ್ತು ಹದಿನೈದು ವರ್ಷ ದುಡಿದ ಪಿಕಪ್‌ಗಳಲ್ಲಿ ಇದು ತೀರ ಸಾಮಾನ್ಯವಾದ ತೊಂದರೆ. ಅಮೆರಿಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ಪಿಕಪ್‌ ಎಂದರೆ ರೈತರ, ಬಡಗಿಗಳ, ನಲ್ಲಿ ಕೆಲಸದವರ ದುಡಿಮೆಯ ಗಾಡಿ. ಫೋರ್ಡ್‌ ಕಂಪನಿಯ ಎಫ್‌-ಸೀರೀಸ್‌ 1977ರಿಂದಲೂ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್‌. ಆ ದೇಶದ ರಸ್ತೆಯ ಮೇಲಿರುವ ಕಾರು, ಪಿಕಪ್‌ನಂಥ ಹಗುರ ವಾಹನಗಳ ಸರಾಸರಿ ವಯಸ್ಸು 2024ರಲ್ಲಿ 12.6 ವರ್ಷವಾಗಿತ್ತು. 2023ರ ಬೇಸಿಗೆಯಲ್ಲಿ ಅರಿಜೋನಾದ ಫೀನಿಕ್ಸ್‌ ನಗರದಲ್ಲಿ ಸತತ 31 ದಿನ ಹಗಲಿನ ಗರಿಷ್ಠ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ. ಅಂಥ ಊರಿನಲ್ಲಿ ಹಳೆಯ ಪಿಕಪ್ಪಿನ ಎ.ಸಿ. ಮಧ್ಯಾಹ್ನಕ್ಕೆ ಕೈಕೊಟ್ಟರೆ ಅದು ಆ ದಿನದ ಸಂಪಾದನೆಯನ್ನೇ ತಟ್ಟುತ್ತದೆ.

ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಗ್ಯಾಸ್‌ ಕಡಿಮೆಯಾಗಿದೆ, ತುಂಬಿಸೋಣ ಎಂಬುದು ಒಂದು. ಕಂಪ್ರೆಸರ್‌ ಹೋಗಿದೆ, ಹೊಸದು ಹಾಕೋಣ ಎಂಬುದು ಇನ್ನೊಂದು. ಇವೆರಡೂ ಕೆಲವೊಮ್ಮೆ ಸರಿಯೇ ಆಗಿರುತ್ತವೆ. ಆದರೆ ಬೆಳಿಗ್ಗೆ ತಂಪು, ಮಧ್ಯಾಹ್ನ ಬಿಸಿ ಎಂಬ ಈ ಲಕ್ಷಣ ಬೆರಳು ಮಾಡುವುದು ಬಹುಮಟ್ಟಿಗೆ ಕಂಪ್ರೆಸರಿನ ಮೂತಿಯ ಮೇಲೆ ಕೂತಿರುವ ಎ.ಸಿ. ಕ್ಲಚ್ಚಿನತ್ತ. ಕೆಟ್ಟದ್ದು ಕ್ಲಚ್‌ ಎಂದು ಖಚಿತವಾದರೆ ಬದಲಿಸಬೇಕಾದದ್ದು ಕ್ಲಚ್ಚನ್ನು ಮಾತ್ರ, ಇಡೀ ಕಂಪ್ರೆಸರನ್ನಲ್ಲ ಎಂಬುದು ಈ ಲೇಖನದ ವಾದ. ಉಳಿತಾಯ ಅದಕ್ಕೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆಯಿದೆ: ಕ್ಲಚ್‌ ಇರುವುದು ಗ್ಯಾಸ್‌ ಓಡಾಡುವ ಮುಚ್ಚಿದ ದಾರಿಯ ಹೊರಗೆ. ಅದನ್ನು ಬದಲಿಸಲು ಒಂದೇ ಒಂದು ಪೈಪನ್ನೂ ಸಡಿಲಿಸಬೇಕಾಗಿಲ್ಲ. ಕಂಪ್ರೆಸರ್‌ ಬದಲಿಸುವುದೆಂದರೆ ಆ ದಾರಿಯನ್ನು ಒಡೆಯುವುದು. ಒಡೆಯುವುದರ ಬೆಲೆ ಪೂರ್ತಿಯಾಗಿ ಬಿಲ್ಲಿನಲ್ಲಿ ಕಾಣುವುದಿಲ್ಲ.

ಬಿಸಿಗೆ ಸೋಲುವ ಅಯಸ್ಕಾಂತ

ಕ್ಲಚ್ಚಿನ ಬೆಲೆ ತಿಳಿಯಬೇಕಾದರೆ ಅದಿಲ್ಲದ ಕಾಲವನ್ನು ನೆನೆಯಬೇಕು. ಕಾರ್ಖಾನೆಯಲ್ಲೇ ಎ.ಸಿ. ಅಳವಡಿಸಿ ಮಾರಿದ ಮೊದಲ ಕಾರು ಅಮೆರಿಕದ ಪ್ಯಾಕಾರ್ಡ್‌ ಕಂಪನಿಯ 1940ರ ಮಾದರಿ. ಅದರ ಕಂಪ್ರೆಸರಿಗೆ ಕ್ಲಚ್‌ ಇರಲಿಲ್ಲ. ಎಂಜಿನ್‌ ಓಡುವಷ್ಟು ಹೊತ್ತೂ ಕಂಪ್ರೆಸರ್‌ ಓಡುತ್ತಿತ್ತು. ತಂಪು ಸಾಕೆನಿಸಿದರೆ ಗಾಡಿ ನಿಲ್ಲಿಸಿ, ಬಾನೆಟ್‌ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ವಿದ್ಯುತ್‌ ಅಯಸ್ಕಾಂತದ ಕ್ಲಚ್‌ ಬಂದ ಮೇಲಷ್ಟೇ ಒಂದು ಗುಂಡಿ ಒತ್ತಿ ತಂಪನ್ನು ಕರೆಯುವುದೂ ಕಳಿಸುವುದೂ ಸಾಧ್ಯವಾಯಿತು. ಅದರ ರಚನೆ ಸರಳ. ಬೆಲ್ಟ್‌ ಸುತ್ತುವ ಪುಲ್ಲಿ ತನ್ನದೇ ಬೇರಿಂಗಿನ ಮೇಲೆ ಸದಾ ತಿರುಗುತ್ತಿರುತ್ತದೆ; ಕಂಪ್ರೆಸರಿನ ಶಾಫ್ಟಿಗೂ ಅದಕ್ಕೂ ನೇರ ನಂಟಿಲ್ಲ. ಶಾಫ್ಟಿನ ತುದಿಗೆ ಬಿಗಿದಿರುವುದು ಬೇರೆಯೇ ಒಂದು ಉಕ್ಕಿನ ಪ್ಲೇಟ್‌. ಪುಲ್ಲಿಯ ಹಿಂದೆ ತಾಮ್ರದ ತಂತಿ ಸುತ್ತಿದ ಕಾಯಿಲ್‌ ಇದೆ. ಎ.ಸಿ. ಗುಂಡಿ ಒತ್ತಿದಾಗ ಕಾಯಿಲ್‌ ಅಯಸ್ಕಾಂತವಾಗಿ ಪ್ಲೇಟನ್ನು ಪುಲ್ಲಿಯ ಮುಖಕ್ಕೆ ಎಳೆದು ಅಂಟಿಸುತ್ತದೆ. ಆಗ ಕೇಳುವ ‘ಟಕ್‌’ ಸದ್ದೇ ಕಂಪ್ರೆಸರ್‌ ಕೆಲಸಕ್ಕೆ ಇಳಿದ ಗುರುತು. ಕರೆಂಟ್‌ ನಿಂತರೆ ಪ್ಲೇಟಿನ ಸ್ಪ್ರಿಂಗ್‌ ಅದನ್ನು ಹಿಂದಕ್ಕೆ ಸೆಳೆಯುತ್ತದೆ.

ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಎಷ್ಟಿರಬೇಕು ಎಂಬುದರಲ್ಲಿ ಇಡೀ ಕಥೆ ಅಡಗಿದೆ. ಟ್ರಕ್‌, ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಕಾಣುವ ಸ್ಯಾಂಡೆನ್‌ ಕಂಪ್ರೆಸರುಗಳಿಗೆ ತಯಾರಕರು ಹೇಳುವ ಅಳತೆ 0.4ರಿಂದ 0.8 ಮಿಲಿಮೀಟರ್‌. ಬೇರೆ ಕಂಪನಿಗಳ ಅಳತೆಯೂ ಇದರ ಆಸುಪಾಸಿನಲ್ಲೇ ಇದೆ. ಪ್ರತಿ ಸಲ ಪ್ಲೇಟ್‌ ಅಂಟಿದಾಗ ಎರಡೂ ಮುಖಗಳು ಕೊಂಚ ಉಜ್ಜಿ ಸವೆಯುತ್ತವೆ, ಸಂದು ಹಿಗ್ಗುತ್ತದೆ. ಫೋರ್ಡ್‌ ಮತ್ತು ಜನರಲ್‌ ಮೋಟರ್ಸ್‌ ಕಂಪನಿಗಳ ಹಳೆಯ ಪಿಕಪ್‌ಗಳಲ್ಲಿ ಒಂದು ವಿಶೇಷವಿದೆ. ಕೂಲಿಂಗ್‌ ಕಾಯಿಲ್‌ ಮೇಲೆ ಮಂಜು ಕಟ್ಟದಂತೆ ನೋಡಿಕೊಳ್ಳಲು ಅವುಗಳ ಎ.ಸಿ. ಕ್ಲಚ್ಚನ್ನೇ ಬಿಟ್ಟು ಬಿಟ್ಟು ಹಾಕುತ್ತದೆ. ಹವೆ ತಂಪಾಗಿದ್ದರೆ ಒಂದೇ ನಿಮಿಷದಲ್ಲಿ ಹಲವು ಬಾರಿ ಕ್ಲಚ್‌ ಅಂಟಿ ಬಿಡುವುದೂ ಉಂಟು. ಹದಿನೈದು ವರ್ಷದಲ್ಲಿ ಅದು ಎಷ್ಟು ಲಕ್ಷ ಸಲ ಆಗಿರುತ್ತದೆಂದು ಊಹಿಸಿದರೆ ಸವೆತದ ಬಗ್ಗೆ ಅಚ್ಚರಿಯಾಗದು. ಅಷ್ಟು ಕಾಲ ತಡೆದದ್ದೇ ಅಚ್ಚರಿ ಅನ್ನಿಸುತ್ತದೆ.

ಇನ್ನು ಮಧ್ಯಾಹ್ನದ ಒಗಟು. ತಾಮ್ರ ಬಿಸಿಯಾದಂತೆ ಅದರ ವಿದ್ಯುತ್‌ ರೋಧ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.39ರಷ್ಟು. ಬೆಳಗಿನ 20 ಡಿಗ್ರಿಯಲ್ಲಿ 3.5 ಓಮ್‌ ಇದ್ದ ಕಾಯಿಲ್‌, ಬಾನೆಟ್ಟಿನೊಳಗಿನ ಕಾವಿಗೆ 100 ಡಿಗ್ರಿ ಮುಟ್ಟಿದಾಗ 4.6 ಓಮ್‌ ಆಗುತ್ತದೆ. 12 ವೋಲ್ಟಿನಲ್ಲಿ ಬೆಳಿಗ್ಗೆ 3.4 ಆಂಪಿಯರ್‌ ಹರಿಯುತ್ತಿದ್ದ ಕರೆಂಟ್‌ ಮಧ್ಯಾಹ್ನ 2.6ಕ್ಕೆ ಇಳಿಯುತ್ತದೆ. ಅಯಸ್ಕಾಂತದ ಸೆಳೆತ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಬೆಳಗಿನ ಬಲದ ಶೇಕಡಾ 58ರಷ್ಟು ಮಾತ್ರ ಉಳಿಯುತ್ತದೆ. ಸಂದು ಹಿಗ್ಗಿದ್ದರೆ ಪೆಟ್ಟು ಇನ್ನೂ ಜೋರು. ಸರಳ ಲೆಕ್ಕದಲ್ಲಿ, ಅರ್ಧ ಮಿಲಿಮೀಟರ್‌ ಇದ್ದ ಸಂದು ಒಂದು ಮಿಲಿಮೀಟರ್‌ ಆದರೆ ಸೆಳೆತ ನಾಲ್ಕನೇ ಒಂದು ಪಾಲಿಗೆ ಕುಸಿಯುತ್ತದೆ. ಎರಡೂ ಸೇರಿದರೆ ಹೊಸ ಕ್ಲಚ್ಚಿಗೆ ತಂಪು ಹೊತ್ತಿನಲ್ಲಿದ್ದ ಬಲದ ಏಳನೇ ಒಂದು ಪಾಲಷ್ಟೇ ಹಳೆಯ ಕ್ಲಚ್ಚಿಗೆ ಮಧ್ಯಾಹ್ನ ಉಳಿದಿರುತ್ತದೆ. ಆಗಲೇ ಅಂಟಿಕೊಂಡಿರುವ ಪ್ಲೇಟನ್ನು ಹಿಡಿದಿಡಲು ಅದು ಸಾಕಾದೀತು. ಒಮ್ಮೆ ಬಿಟ್ಟ ಪ್ಲೇಟನ್ನು ಮತ್ತೆ ಎಳೆದುಕೊಳ್ಳಲು ಸಾಲದು. ಬೆಳಿಗ್ಗೆ ಬಂದ ತಂಪು ಮಧ್ಯಾಹ್ನದ ಯಾವುದೋ ಒಂದು ಸುತ್ತಿನಲ್ಲಿ ನಿಂತುಹೋಗುವುದು ಇದರಿಂದಲೇ. ಗ್ಯಾಸ್‌ ಬೆಳಿಗ್ಗೆ ಇದ್ದು ಮಧ್ಯಾಹ್ನ ಹೋಗಿ ಸಂಜೆ ತಿರುಗಿ ಬರುವ ವಸ್ತುವಲ್ಲ. ಈ ಲಕ್ಷಣವನ್ನು ಮೊದಲೇ ಗ್ಯಾಸಿನ ಲೆಕ್ಕಕ್ಕೆ ಬರೆಯುವುದು ತಪ್ಪು.

ಮೊದಲು ಪತ್ತೆ, ಆಮೇಲೆ ಪಾನಾ

ಹಾಗೆಂದು ಕ್ಲಚ್‌ ಅಂಟದಿದ್ದರೆ ತಪ್ಪು ಯಾವಾಗಲೂ ಕ್ಲಚ್ಚಿನದೇ ಎಂದೂ ತೀರ್ಮಾನಿಸಬಾರದು. ಕ್ಲಚ್ಚಿಗೆ ಅಪ್ಪಣೆ ತಲುಪಿಯೇ ಇಲ್ಲದಿರಬಹುದು. ಗ್ಯಾಸಿನ ಒತ್ತಡ ತೀರ ಕುಗ್ಗಿದಾಗ ಕಂಪ್ರೆಸರನ್ನು ಕಾಯಲು ಒಂದು ಸ್ವಿಚ್‌, ಒತ್ತಡ ಮಿತಿ ಮೀರಿದಾಗ ತಡೆಯಲು ಇನ್ನೊಂದು, ನಡುವೆ ಫ್ಯೂಸು, ರಿಲೇ, ವೈರು ಇವೆಲ್ಲ ಇವೆ. ಆದ್ದರಿಂದ ಮೊದಲ ಹೆಜ್ಜೆ ಮಲ್ಟಿಮೀಟರ್‌. ಎಂಜಿನ್‌ ಓಡುತ್ತಿದ್ದು ಎ.ಸಿ. ಹಾಕಿದಾಗ ಕ್ಲಚ್ಚಿನ ಪ್ಲಗ್ಗಿಗೆ 12 ವೋಲ್ಟ್‌ ಬರುತ್ತಿದೆಯೇ? ಬರದಿದ್ದರೆ ದೋಷ ಕ್ಲಚ್ಚಿನ ಆಚೆ ಇದೆ. ಬರುತ್ತಿದ್ದೂ ಪ್ಲೇಟ್‌ ಅಲುಗದಿದ್ದರೆ ದೋಷ ಕ್ಲಚ್ಚಿನೊಳಗೇ ಇದೆ. ಆಮೇಲೆ ಎಂಜಿನ್‌ ನಿಲ್ಲಿಸಿ, ಪ್ಲಗ್‌ ಬಿಚ್ಚಿ ಕಾಯಿಲ್ಲಿನ ರೋಧ ಅಳೆಯಬೇಕು. ಮೂರರಿಂದ ಐದು ಓಮಿನೊಳಗೆ ಬಂದರೆ ಕಾಯಿಲ್‌ ಜೀವಂತವಾಗಿದೆ. ಅಳತೆ ಸಿಗಲೇ ಇಲ್ಲವೆಂದರೆ ತಂತಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಸುಟ್ಟು ಒಳಗೊಳಗೇ ಶಾರ್ಟ್‌ ಆಗಿದೆ. ಕಾಯಿಲ್‌ ಸರಿಯಿದ್ದು, ಕರೆಂಟ್‌ ಬಂದೂ ಪ್ಲೇಟ್‌ ಅಂಟದಿದ್ದರೆ ಫೀಲರ್‌ ಗೇಜಿನ ಎಲೆಗಳನ್ನು ಸಂದಿನಲ್ಲಿ ತೂರಿಸಿ ನೋಡಬೇಕು. ಹಿಗ್ಗಿದ ಸಂದು ಅಲ್ಲಿ ಸಂಖ್ಯೆಯಾಗಿ ಎದುರಿಗೆ ನಿಲ್ಲುತ್ತದೆ.

ಮೂರನೆಯ ಹೆಜ್ಜೆ ಕಿವಿಗೂ ಕೈಗೂ ಸೇರಿದ್ದು. ಎ.ಸಿ. ಆಫ್‌ ಇದ್ದಾಗಲೂ ಗರಗರ ಸದ್ದು ಬಂದು, ಪ್ಲೇಟ್‌ ಅಂಟಿದ ಕೂಡಲೇ ಸದ್ದು ಬದಲಾದರೆ ಅದು ಪುಲ್ಲಿಯ ಬೇರಿಂಗಿನದು. ಎ.ಸಿ. ಹಾಕಿದಾಗ ಮಾತ್ರ ಬಡಿತ ಕೇಳಿದರೆ ಅದು ಕಂಪ್ರೆಸರಿನ ಒಳಗಿನದು. ಎಂಜಿನ್‌ ನಿಲ್ಲಿಸಿ ಮುಂದಿನ ಪ್ಲೇಟನ್ನು ಕೈಯಿಂದ ತಿರುಗಿಸಿದರೆ ಹಿತವಾದ ಒಂದು ಬಿಗುವಿನೊಂದಿಗೆ ಸಮನಾಗಿ ತಿರುಗಬೇಕು. ತಿರುಗದೆ ಕಚ್ಚಿಕೊಂಡಿದ್ದರೆ ಕಂಪ್ರೆಸರ್‌ ಜಾಮ್‌ ಆಗಿದೆ. ಕ್ಲಚ್ಚಿನ ಸುತ್ತ ಎಣ್ಣೆ ಚಿಮ್ಮಿ ಧೂಳು ಮೆತ್ತಿದ್ದರೆ ಶಾಫ್ಟಿನ ಸೀಲ್‌ ಸೋರುತ್ತಿದೆ. ಈ ಎರಡು ಕಡೆ ಕ್ಲಚ್‌ ಬದಲಿಸಿ ಪ್ರಯೋಜನವಿಲ್ಲ. ಇಷ್ಟೂ ಪರೀಕ್ಷೆಗೆ ಬೇಕಾದದ್ದು ಒಂದು ಮೀಟರ್‌, ಒಂದು ಫೀಲರ್‌ ಗೇಜ್‌ ಮತ್ತು ತಾಳ್ಮೆ. ಒಂದು ಪೈಪನ್ನೂ ಬಿಚ್ಚದೆ, ಒಂದು ಗ್ರಾಂ ಗ್ಯಾಸನ್ನೂ ಕಳೆಯದೆ ಕೆಟ್ಟದ್ದು ಯಾವುದೆಂದು ಇಷ್ಟು ಸ್ಪಷ್ಟವಾಗಿ ಹೇಳಲು ಬರುವಾಗ, ಊಹೆಯ ಮೇಲೆ ದೊಡ್ಡ ಭಾಗ ಬದಲಿಸುವುದಕ್ಕೆ ಸಮರ್ಥನೆ ಸಿಗುವುದಿಲ್ಲ.

ಬದಲಿಸುವ ಕೆಲಸವೂ ಅಷ್ಟೇ ಅಚ್ಚುಕಟ್ಟಾದದ್ದು. ಬ್ಯಾಟರಿಯ ಸಂಪರ್ಕ ತೆಗೆದು, ಟೆನ್ಷನರ್‌ ಸಡಿಲಿಸಿ ಬೆಲ್ಟ್‌ ಕಳಚಬೇಕು. ಪ್ಲೇಟ್‌ ತಿರುಗದಂತೆ ಹಿಡಿದು ನಡುವಿನ ಬೋಲ್ಟ್‌ ಅಥವಾ ನಟ್‌ ಬಿಚ್ಚಿ, ಪುಲ್ಲರ್‌ ಹಾಕಿ ಪ್ಲೇಟನ್ನು ಹೊರಗೆಳೆಯಬೇಕು. ಸುತ್ತಿಗೆಯಿಂದ ಹೊಡೆದರೆ ಶಾಫ್ಟಿನ ಸೀಲಿಗೆ ಪೆಟ್ಟಾಗುತ್ತದೆ. ಪ್ಲೇಟಿನ ಹಿಂದೆ ಕಾಗದದಷ್ಟು ತೆಳುವಾದ ಬಿಲ್ಲೆಗಳಿರುತ್ತವೆ, ಅವೇ ಶಿಮ್‌. ಅವು ಉದುರಿ ಕಳೆಯದಂತೆ ಜೋಪಾನ ಮಾಡಬೇಕು. ಸರ್ಕ್ಲಿಪ್‌ ತೆಗೆದರೆ ಪುಲ್ಲಿ ಬರುತ್ತದೆ, ಅದರ ಹಿಂದೆ ಕಾಯಿಲ್‌. ಕೆಲವದರಲ್ಲಿ ಕಾಯಿಲ್ಲಿಗೂ ಸರ್ಕ್ಲಿಪ್‌ ಇರುತ್ತದೆ, ಫೋರ್ಡಿನ ಹಲವು ಹಳೆಯ ಕಂಪ್ರೆಸರುಗಳಲ್ಲಿ ಅದನ್ನು ಒತ್ತಿ ಕೂರಿಸಿರುತ್ತಾರೆ. ಹೊಸ ಕಾಯಿಲ್ಲಿನ ಪ್ಲಗ್‌ ಹಳೆಯದಿದ್ದ ದಿಕ್ಕಿಗೇ ಬರಬೇಕು. ಎಲ್ಲ ಜೋಡಿಸಿದ ಮೇಲೆ ಸಂದನ್ನು ಸುತ್ತಲೂ ಮೂರು ನಾಲ್ಕು ಕಡೆ ಅಳೆದು, ಶಿಮ್‌ ಸೇರಿಸಿಯೋ ತೆಗೆದೋ ಹದಕ್ಕೆ ತರಬೇಕು. ಕೊನೆಗೆ ಹತ್ತಿಪ್ಪತ್ತು ಸಲ ಎ.ಸಿ. ಹಾಕಿ ಆರಿಸಿದರೆ ಹೊಸ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರೇಡಿಯೇಟರಿಗೂ ಕಂಪ್ರೆಸರಿಗೂ ನಡುವೆ ಕೈ ಹೋಗದಷ್ಟು ಇಕ್ಕಟ್ಟಿದ್ದರೆ, ಪೈಪುಗಳನ್ನು ಹಾಗೆಯೇ ಬಿಟ್ಟು ಕಂಪ್ರೆಸರಿನ ಬೋಲ್ಟುಗಳನ್ನಷ್ಟೇ ಬಿಚ್ಚಿ ಓರೆ ಮಾಡಿಕೊಳ್ಳಲು ಹಲವು ಗಾಡಿಗಳಲ್ಲಿ ಅವಕಾಶವಿದೆ.

ಮುಚ್ಚಿದ ದಾರಿ ಮುಚ್ಚಿಯೇ ಇರಲಿ

ಇಷ್ಟು ಕೆಲಸವನ್ನು ಕಂಪ್ರೆಸರ್‌ ಬದಲಿಸುವ ಕೆಲಸದ ಪಕ್ಕದಲ್ಲಿಟ್ಟು ನೋಡೋಣ. ಕಂಪ್ರೆಸರ್‌ ತೆಗೆಯಬೇಕಾದರೆ ಮೊದಲು ಒಳಗಿನ ಗ್ಯಾಸನ್ನೆಲ್ಲ ಯಂತ್ರದಿಂದ ಹೀರಿ ಹಿಡಿದಿಡಬೇಕು. ದಾರಿ ತೆರೆದ ಗಳಿಗೆಯಿಂದ ಹೊರಗಿನ ತೇವ ಒಳಗೆ ನುಗ್ಗುತ್ತದೆ. ಆರ್‌-134ಎ ಗ್ಯಾಸಿನ ಜೊತೆ ಬಳಸುವ ಎಣ್ಣೆಗೆ ನೀರಿನಂಶವನ್ನು ಹೀರಿಕೊಳ್ಳುವ ಗುಣ ಬಲವಾಗಿದೆ. ಆ ತೇವ ಒಳಗೆ ಆಮ್ಲವಾಗಿ ಲೋಹವನ್ನು ಕೊರೆಯುತ್ತದೆ. ಅದಕ್ಕಾಗಿ ಡ್ರೈಯರ್‌ ಬದಲಿಸಬೇಕು, ಪ್ರತಿ ಜೋಡಣೆಯ ಓ-ರಿಂಗ್‌ ಬದಲಿಸಬೇಕು, ಸರಿಯಾದ ಅಳತೆಯ ಎಣ್ಣೆ ಹಾಕಬೇಕು, ಅರ್ಧ ಗಂಟೆಗೂ ಹೆಚ್ಚು ಹೊತ್ತು ವ್ಯಾಕ್ಯೂಮ್‌ ಎಳೆಯಬೇಕು, ಆಮೇಲೆ ತೂಕ ಮಾಡಿ ಗ್ಯಾಸ್‌ ತುಂಬಬೇಕು. ಇದರಲ್ಲಿ ಒಂದು ತಪ್ಪಿದರೂ ಹೊಸ ಕಂಪ್ರೆಸರಿನ ಆಯುಸ್ಸು ಕುಗ್ಗುತ್ತದೆ. ಹದಿನೈದು ವರ್ಷ ಸೋರದೆ ನಿಂತ ಜೋಡಣೆಗಳನ್ನು ಕಲಕಿದರೆ ಅವು ಮುಂದೆಯೂ ಹಾಗೆಯೇ ನಿಲ್ಲುತ್ತವೆಂದು ಯಾರೂ ಮಾತು ಕೊಡಲಾರರು. ಮುಚ್ಚಿದ ದಾರಿಯನ್ನು ಅನಿವಾರ್ಯವಿಲ್ಲದೆ ತೆರೆಯಬಾರದು ಎಂಬ ಹಳೆಯ ಮೆಕ್ಯಾನಿಕ್‌ಗಳ ನಂಬಿಕೆಗೆ ಇಂಥ ಗಟ್ಟಿ ಕಾರಣಗಳಿವೆ.

ಇನ್ನೊಂದು ಬೆಲೆ ಗಾಡಿಯ ಹೊರಗಿನದು. 1990ರ ದಶಕದ ಮೊದಲ ವರ್ಷಗಳವರೆಗೆ ವಾಹನಗಳ ಎ.ಸಿ.ಯಲ್ಲಿ ಇದ್ದದ್ದು ಓಝೋನ್‌ ಪದರವನ್ನು ತಿನ್ನುವ ಆರ್‌-12. 1987ರ ಮಾಂಟ್ರಿಯಲ್‌ ಒಪ್ಪಂದ ಅದಕ್ಕೆ ತೆರೆ ಎಳೆಯಿತು. ಅದರ ಜಾಗಕ್ಕೆ ಬಂದ ಆರ್‌-134ಎ ಓಝೋನಿಗೆ ಕೇಡು ಮಾಡುವುದಿಲ್ಲ, ಆದರೆ ಭೂಮಿಯ ಬಿಸಿ ಏರಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಪಿಕಪ್‌ ಟ್ರಕ್ಕಿನ ಎ.ಸಿ.ಯಲ್ಲಿ 900 ಗ್ರಾಂ ಗ್ಯಾಸ್‌ ಇದೆಯೆಂದುಕೊಳ್ಳೋಣ. ಅದಷ್ಟೂ ಗಾಳಿಗೆ ಹೋದರೆ ಸುಮಾರು 1,300 ಕಿಲೋ ಇಂಗಾಲದ ಡೈಆಕ್ಸೈಡ್‌ ಬಿಟ್ಟಂತೆ. ಒಂದು ಲೀಟರ್‌ ಪೆಟ್ರೋಲ್‌ ಉರಿದರೆ ಸುಮಾರು 2.3 ಕಿಲೋ ಬರುವುದರಿಂದ ಇದು 560 ಲೀಟರ್‌ ಪೆಟ್ರೋಲ್‌ ಸುಟ್ಟದ್ದಕ್ಕೆ ಸಮ. ಲೀಟರಿಗೆ ಏಳು ಕಿಲೋಮೀಟರ್‌ ಕೊಡುವ ಹಳೆಯ ಪಿಕಪ್‌ ಅಷ್ಟು ಪೆಟ್ರೋಲಿನಲ್ಲಿ 3,900 ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಅಮೆರಿಕದ ಶುದ್ಧ ಗಾಳಿ ಕಾಯ್ದೆ ಗ್ಯಾಸನ್ನು ಬೇಕೆಂದೇ ಹೊರಬಿಡುವುದನ್ನು ನಿಷೇಧಿಸಿದೆ. ಕೂಲಿಗೆ ವಾಹನದ ಎ.ಸಿ. ದುರಸ್ತಿ ಮಾಡುವವರಿಗೆ ಪ್ರಮಾಣಪತ್ರ ಕಡ್ಡಾಯ ಮಾಡಿದೆ. ಹೀರುವ ಯಂತ್ರವಿಲ್ಲದ ಸಣ್ಣ ಗ್ಯಾರೇಜಿನಲ್ಲಿ, ಅದು ಯಾವ ದೇಶದ್ದೇ ಇರಲಿ, ಪೈಪ್‌ ಸಡಿಲಿಸಿದರೆ ಗ್ಯಾಸ್‌ ಹೋಗುವುದು ಗಾಳಿಗೇ. ಅರ್ಧ ಮಿಲಿಮೀಟರ್‌ ಸವೆತಕ್ಕಾಗಿ ಇಷ್ಟು ದೊಡ್ಡ ಹೊರೆಯನ್ನು ವಾತಾವರಣದ ಮೇಲೆ ಹೇರುವುದು ನೆಗಡಿಗೆ ಮೂಗು ಕೊಯ್ದಂತೆ.

ಗ್ಯಾಸ್‌ ತುಂಬಿಸಿ ನೋಡೋಣ ಎಂಬ ಮಾತಿಗೂ ಇಲ್ಲೇ ಉತ್ತರ ಹೇಳಬೇಕು. ಗ್ಯಾಸ್‌ ಡೀಸೆಲ್ಲಿನಂತೆ ಉರಿದು ಮುಗಿಯುವುದಿಲ್ಲ. ಕಂಪ್ರೆಸರಿನಲ್ಲಿ ಒತ್ತಿಸಿಕೊಂಡು, ಕಂಡೆನ್ಸರಿನಲ್ಲಿ ದ್ರವವಾಗಿ, ಕೂಲಿಂಗ್‌ ಕಾಯಿಲ್ಲಿನಲ್ಲಿ ಆವಿಯಾಗಿ ಒಂದೇ ದಾರಿಯಲ್ಲಿ ಸುತ್ತುತ್ತಿರುತ್ತದೆ. ರಬ್ಬರ್‌ ಪೈಪು, ಸೀಲುಗಳ ಮೂಲಕ ವರ್ಷಕ್ಕೆ ಒಂದಿಷ್ಟು ಜಿನುಗುವುದುಂಟು. ಎದ್ದುಕಾಣುವಷ್ಟು ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಕ್ಲಚ್‌ ಕೆಟ್ಟಿರುವಾಗ ಒತ್ತಡ ಅಳೆಯದೆ ಗ್ಯಾಸ್‌ ಸೇರಿಸಿದರೆ ಆಗುವುದು ವಿರುದ್ಧ ಪರಿಣಾಮ. ಮಿತಿ ಮೀರಿದ ಗ್ಯಾಸಿನಿಂದ ಒತ್ತಡ ಏರುತ್ತದೆ, ಕಂಪ್ರೆಸರ್‌ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ, ಮೊದಲೇ ಸೋತ ಕ್ಲಚ್‌ ಜಾರತೊಡಗುತ್ತದೆ. ಜಾರುವ ಕ್ಲಚ್‌ ಕಾದು ನೀಲಿಗಟ್ಟುತ್ತದೆ, ಕಾಯಿಲ್‌ ಸುಡುತ್ತದೆ, ಬೇರಿಂಗಿನ ಗ್ರೀಸ್‌ ಕರಗುತ್ತದೆ. ಒಂದು ಶಿಮ್‌ ತೆಗೆದು ಮುಗಿಸಬಹುದಾಗಿದ್ದ ಕೆಲಸ ಇಡೀ ಕ್ಲಚ್‌ ಸೆಟ್ಟಿಗೆ ಬಂದು ನಿಲ್ಲುತ್ತದೆ.

ಆಕ್ಷೇಪಗಳು ಸಣ್ಣವಲ್ಲ

ಈ ವಾದಕ್ಕೆ ಎದುರು ಹೇಳುವವರ ಮಾತಿನಲ್ಲೂ ತಿರುಳಿದೆ. ಮೊದಲ ಆಕ್ಷೇಪ: ಕ್ಲಚ್‌ ಸವೆಯುವಷ್ಟು ವಯಸ್ಸಾಗಿದ್ದರೆ ಕಂಪ್ರೆಸರಿಗೂ ಅಷ್ಟೇ ವಯಸ್ಸಾಗಿದೆ, ಇಂದು ಕ್ಲಚ್‌ ಹಾಕಿ ನಾಳೆ ಕಂಪ್ರೆಸರ್‌ ಹೋದರೆ ಕೂಲಿ ಎರಡು ಪಟ್ಟಲ್ಲವೇ? ಮಾತು ಮೇಲುನೋಟಕ್ಕೆ ಸರಿ. ಆದರೆ ಎರಡೂ ಒಂದೇ ರೀತಿ ಸವೆಯುವುದಿಲ್ಲ. ಕ್ಲಚ್ಚಿನ ಮುಖಗಳು ಒಣಗಿಯೇ ಉಜ್ಜುತ್ತವೆ, ರಸ್ತೆಯ ಧೂಳು ನೀರು ಎರಡನ್ನೂ ತಿನ್ನುತ್ತವೆ. ಕಂಪ್ರೆಸರಿನ ಒಳಭಾಗ ಎಣ್ಣೆಯಲ್ಲಿ ಮಿಂದು, ಹೊರಗಿನ ಗಾಳಿ ಸೋಕದೆ ಕೆಲಸ ಮಾಡುತ್ತದೆ. ವಯಸ್ಸು ಒಂದೇ ಆದರೂ ಬದುಕಿದ ಬಗೆ ಬೇರೆ. ಕಂಪ್ರೆಸರಿನ ಆರೋಗ್ಯವನ್ನು ವಯಸ್ಸಿನಿಂದ ಊಹಿಸಬೇಕಾಗಿಯೂ ಇಲ್ಲ. ಕ್ಲಚ್‌ ಅಂಟಿದ ಬೆಳಗಿನ ಹೊತ್ತಿನಲ್ಲಿ ಅದು ಕೊಡುವ ತಂಪು, ಗೇಜಿನ ಎರಡೂ ಕಡೆಯ ಒತ್ತಡ, ಸದ್ದಿಲ್ಲದ ಓಟ ಇವು ಪ್ರತ್ಯಕ್ಷ ಸಾಕ್ಷಿಗಳು. ಸಾಕ್ಷಿ ಒಳ್ಳೆಯದಿದ್ದರೆ ವಯಸ್ಸಿನ ನೆಪಕ್ಕೆ ಅದನ್ನು ಎಸೆಯಬಾರದು. ಸಾಕ್ಷಿ ಕೆಟ್ಟದ್ದಿದ್ದರೆ ಕಂಪ್ರೆಸರ್‌ ಬದಲಿಸುವುದೇ ಸರಿ. ಒಳಗೆ ಲೋಹದ ಪುಡಿ ಹರಡಿದ ವ್ಯವಸ್ಥೆಗೆ ಹೊಸ ಕ್ಲಚ್‌ ಹಾಕುವುದು ಹಣ ಹಾಳು ಮಾಡಿದಂತೆ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಕ್ಲಚ್‌ ತಾನಾಗಿ ಕೆಡದೆ, ಬಿಗಿಯಾದ ಕಂಪ್ರೆಸರನ್ನು ಎಳೆದೂ ಎಳೆದೂ ಸುಟ್ಟಿದ್ದರೆ? ಆಗ ಕ್ಲಚ್‌ ರೋಗವಲ್ಲ, ರೋಗದ ಗುರುತು. ಇದು ನಿಜವಾಗಿಯೂ ಸಂಭವಿಸುತ್ತದೆ, ಆದ್ದರಿಂದಲೇ ಪ್ಲೇಟನ್ನು ಕೈಯಿಂದ ತಿರುಗಿಸಿ ನೋಡುವ ಪರೀಕ್ಷೆಯನ್ನು ಬಿಡಲೇಬಾರದು. ಮುಖಗಳು ಸಮನಾಗಿ ಸವೆದು ಸಂದು ಹಿಗ್ಗಿದ್ದರೆ ಅದು ದುಡಿಮೆಯ ಸವೆತ. ಮುಖಗಳು ಸುಟ್ಟು ನೀಲಿಯಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಜಾರಿದ್ದೇಕೆ ಎಂದು ಮೊದಲು ಕೇಳಬೇಕು. ಕಾರಣ ಬಿಗಿಯಾದ ಕಂಪ್ರೆಸರ್‌ ಇರಬಹುದು, ಮಿತಿ ಮೀರಿದ ಗ್ಯಾಸ್‌ ಇರಬಹುದು, ಫ್ಯಾನ್‌ ಸರಿಯಾಗಿ ತಿರುಗದೆ ಏರಿದ ಒತ್ತಡವೂ ಇರಬಹುದು. ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಅದಕ್ಕೆ ಶಿಸ್ತು ಕಲಿಸುತ್ತದೆ: ಭಾಗ ಬದಲಿಸುವ ಮುನ್ನ ಕಾರಣ ತಿಳಿದಿರಬೇಕು.

ಮೂರನೆಯದು, ಶಿಮ್‌ ತೆಗೆದು ಸಂದು ಸರಿಪಡಿಸುವುದು ತಾತ್ಕಾಲಿಕ ತೇಪೆ ಎಂಬ ಮಾತು. ಶಿಮ್‌ ಇರುವುದೇ ಸಂದನ್ನು ಹೊಂದಿಸಲಿಕ್ಕೆ. ಅದು ತಯಾರಕರೇ ಇಟ್ಟ ಏರ್ಪಾಡು. ಸೈಕಲ್ಲಿನ ಬ್ರೇಕ್‌ ಕಟ್ಟೆ ಸವೆದಾಗ ತಂತಿ ಬಿಗಿ ಮಾಡುವುದನ್ನು ಯಾರೂ ತೇಪೆ ಎನ್ನುವುದಿಲ್ಲ. ಕಾಯಿಲ್‌ ಸರಿಯಿದ್ದು, ಬೇರಿಂಗ್‌ ಸದ್ದು ಮಾಡದಿದ್ದು, ಮುಖಗಳು ಸುಟ್ಟಿರದಿದ್ದರೆ ಹೊಸ ಭಾಗವೇ ಬೇಡ. ಒಂದು ಬಿಲ್ಲೆ ತೆಗೆದರೆ ಇನ್ನೊಂದಿಷ್ಟು ವರ್ಷ ನಡೆಯುತ್ತದೆ. ತೆಗೆಯಲು ಶಿಮ್ಮೇ ಉಳಿದಿಲ್ಲ, ಅಥವಾ ಆ ಮೂರರಲ್ಲಿ ಒಂದು ಕೆಟ್ಟಿದೆ ಎಂದಾದಾಗ ಕ್ಲಚ್‌ ಸೆಟ್ಟನ್ನು ಬದಲಿಸುವ ಸರದಿ ಬರುತ್ತದೆ.

ನಾಲ್ಕನೆಯದು ಹಣಕ್ಕಿಂತ ಮನೋಭಾವಕ್ಕೆ ಸೇರಿದ್ದು: ಹಳೆಯ ಗಾಡಿಗೆ ಎ.ಸಿ. ಒಂದು ಶೋಕಿ, ಕೆಟ್ಟರೆ ಕೆಡಲಿ ಬಿಡಿ. ಪುಲ್ಲಿಯ ಬೇರಿಂಗ್‌ ಈ ಮಾತನ್ನು ಒಪ್ಪುವುದಿಲ್ಲ. ಎ.ಸಿ. ಬಳಸಿದರೂ ಬಿಟ್ಟರೂ ಪುಲ್ಲಿ ತಿರುಗುತ್ತಲೇ ಇರುತ್ತದೆ. ಈಚಿನ ಮೂವತ್ತು ನಲವತ್ತು ವರ್ಷದ ಬಹುಪಾಲು ಪಿಕಪ್‌ಗಳಲ್ಲಿ ಆಲ್ಟರ್ನೇಟರ್‌, ವಾಟರ್‌ ಪಂಪ್‌, ಪವರ್‌ ಸ್ಟಿಯರಿಂಗ್‌ ಎಲ್ಲವನ್ನೂ ಓಡಿಸುವುದು ಒಂದೇ ಉದ್ದನೆಯ ಬೆಲ್ಟ್‌. ಎ.ಸಿ. ಪುಲ್ಲಿಯ ಬೇರಿಂಗ್‌ ಕಚ್ಚಿಕೊಂಡರೆ ಆ ಬೆಲ್ಟ್‌ ಹರಿಯುತ್ತದೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಇನ್ನು ಶೋಕಿಯ ಮಾತು. ಮಳೆಯಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಮಬ್ಬು ಕವಿದಾಗ ಅದನ್ನು ಬೇಗ ಬಿಡಿಸುವುದು ಎ.ಸಿ.ಯ ಒಣಗಾಳಿಯೇ. ಮಲೆನಾಡಿನ ಘಟ್ಟ ಇಳಿಯುವ ಚಾಲಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 43 ಡಿಗ್ರಿ ಬಿಸಿಲಿನಲ್ಲಿ ಕ್ಯಾಬಿನ್ನಿನೊಳಗೆ ಎಂಟು ಗಂಟೆ ಕೂತು ರಸ್ತೆ ನೋಡುವವರ ಎಚ್ಚರವನ್ನು ಶೋಕಿಯೆನ್ನುವುದು ನ್ಯಾಯವಲ್ಲ.

ಬಿಡಿಯಾಗಿ ಸಿಗಬೇಕಾದ ಭಾಗ

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದು ಮೆಕ್ಯಾನಿಕ್‌ಗಳ ಬಾಯಿಂದ ಬರುವಂಥದ್ದು: ಕ್ಲಚ್‌ ಬಿಡಿಯಾಗಿ ಸಿಗುವುದಿಲ್ಲ, ಕಂಪ್ರೆಸರ್‌ ಜೊತೆಗೇ ಬರುತ್ತದೆ. ಹೀಗಾದಾಗ ಸರಿಯಾದ ದುರಸ್ತಿ ಯಾವುದೆಂಬ ತೀರ್ಮಾನ ಗ್ಯಾರೇಜಿನಲ್ಲಿ ಆಗುವುದಿಲ್ಲ, ಬಿಡಿಭಾಗದ ಪಟ್ಟಿ ತಯಾರಿಸುವವರ ಮೇಜಿನ ಮೇಲೆ ಆಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ ರಾಜ್ಯ 2012ರಲ್ಲಿ ವಾಹನಗಳ ದುರಸ್ತಿ ಹಕ್ಕಿನ ಕಾನೂನು ಮಾಡಿತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿಗಾಗಿ ಸಮಿತಿ ರಚಿಸಿ, ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ತಂದಿತು. ಹಕ್ಕು ಕಾಗದದ ಮೇಲಿದ್ದರೆ ಸಾಲದು; ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳಿದಾಗ ಕಾಯಿಲ್‌ ಬೇರೆ, ಪುಲ್ಲಿ ಬೇರೆ, ಪ್ಲೇಟ್‌ ಬೇರೆ ಆಗಿ ಗಿರಾಕಿಯ ಕೈಗೆ ಬಂದಾಗ ಅದು ನಿಜವಾಗುತ್ತದೆ. ನಮ್ಮ ರೈತರಿಗೆ ಈ ತರ್ಕ ಹೊಸದಲ್ಲ. ಕೊಳವೆಬಾವಿಯ ಮೋಟರ್‌ ಸುಟ್ಟರೆ ರಿವೈಂಡಿಂಗ್‌ ಅಂಗಡಿಗೆ ಒಯ್ದು ತಂತಿ ಸುತ್ತಿಸುತ್ತಾರೆ, ಹೊಸ ಬಾವಿ ಕೊರೆಸುವುದಿಲ್ಲ. ಎತ್ತಿನ ಗಾಡಿ ಮಾಡಿದವರು ಕಡೆಗೀಲನ್ನು ಅಚ್ಚಿನ ಹೊರತುದಿಯಲ್ಲಿ ಇಟ್ಟದ್ದೂ ಇದೇ ವಿವೇಕದಿಂದ: ಸವೆಯುವುದು ಕೈಗೆ ಸಿಗುವಲ್ಲಿರಬೇಕು. ಎ.ಸಿ. ಕ್ಲಚ್ಚನ್ನು ಮುಚ್ಚಿದ ದಾರಿಯ ಹೊರಗಿಟ್ಟ ಎಂಜಿನಿಯರುಗಳೂ ಅದೇ ದಾರಿ ಹಿಡಿದವರು. ಈಚಿನ ಹಲವು ವಾಹನಗಳಲ್ಲಿ ಕ್ಲಚ್ಚೇ ಇಲ್ಲದ, ಒಳಗಿನಿಂದಲೇ ಬಲ ಹೆಚ್ಚಿಸಿ ತಗ್ಗಿಸುವ ಕಂಪ್ರೆಸರುಗಳಿವೆ. ಅವು ಇಂಧನ ಉಳಿಸುತ್ತವೆ, ಎಂಜಿನ್ನಿಗೆ ಜಗ್ಗಾಟವಿಲ್ಲದೆ ನಯವಾಗಿ ಓಡುತ್ತವೆ. ಆದರೆ ಅವುಗಳಲ್ಲಿ ಕೆಟ್ಟದ್ದು ಒಳಗಿನ ಕವಾಟವಾದರೆ ಮುಚ್ಚಿದ ದಾರಿಯನ್ನು ತೆರೆಯದೆ ಗತಿಯಿಲ್ಲ. ಹಳೆಯ ವಿನ್ಯಾಸ ಕೊಟ್ಟ ಅನುಕೂಲ ಇನ್ನೂ ಕೈಯಲ್ಲಿರುವ ಗಾಡಿಗಳಲ್ಲಾದರೂ ಅದನ್ನು ಬಳಸಿಕೊಳ್ಳಬೇಕು.

ಮೆಕ್ಯಾನಿಕ್‌ಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಗಿರಾಕಿ ಹಣ ಕೊಡುವುದು ಭಾಗಕ್ಕೆ ಮತ್ತು ಬಿಚ್ಚಿ ಜೋಡಿಸಿದ ಕೂಲಿಗೆ. ಒಂದು ಗಂಟೆ ಕೂತು ವೋಲ್ಟ್‌ ಅಳೆದು, ಸಂದು ಅಳೆದು, ಹೊಸ ಕಂಪ್ರೆಸರ್‌ ಬೇಡ ಎಂದು ಹೇಳಿದವರಿಗೆ ಆ ಗಂಟೆಯ ಕೂಲಿ ಕೊಡಲು ಹಿಂಜರಿಯುತ್ತೇವೆ. ಒಂದು ಬಿಲ್ಲೆ ತೆಗೆದದ್ದಕ್ಕೆ ಇಷ್ಟು ದುಡ್ಡೇ ಎಂದು ಕೇಳುತ್ತೇವೆ. ಆ ಕೂಲಿ ಬಿಲ್ಲೆ ತೆಗೆದದ್ದಕ್ಕಲ್ಲ, ತೆಗೆಯಬೇಕಾದದ್ದು ಬಿಲ್ಲೆಯನ್ನೇ ಎಂದು ಕಂಡುಹಿಡಿದದ್ದಕ್ಕೆ. ಪತ್ತೆಗೆ ಕೂಲಿ ಸಿಗದ ಕಡೆ ದೊಡ್ಡ ಭಾಗ ಮಾರುವುದೊಂದೇ ಹೊಟ್ಟೆಪಾಡಿನ ದಾರಿಯಾಗಿ ಉಳಿಯುತ್ತದೆ.

ಈ ಮಾತು ಕರ್ನಾಟಕಕ್ಕೆ ಈಗ ತುರ್ತಾಗಿ ಬೇಕಾಗಿದೆ. 2025ರ ಅಕ್ಟೋಬರ್‌ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್‌ ಮೀರಿದ ಸರಕು ವಾಹನಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದಕ್ಕಿಂತ ಹಗುರವಾದ ಪಿಕಪ್‌ಗಳು ಈ ನಿಯಮದ ಹೊರಗಿವೆ. ಬೇಸಿಗೆಯ ಕಲಬುರಗಿ, ರಾಯಚೂರಿನ ಹೆದ್ದಾರಿ ಬಲ್ಲವರಿಗೆ ಇದು ಚಾಲಕರಿಗೆ ಎಷ್ಟು ತಡವಾಗಿ ಸಿಕ್ಕ ನ್ಯಾಯವೆಂಬುದು ಗೊತ್ತು. ಇನ್ನೊಂದು ಕಡೆ, ಮಾಂಟ್ರಿಯಲ್‌ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಆರ್‌-134ಎಯಂಥ ಗ್ಯಾಸುಗಳ ಬಳಕೆ 2028ರಲ್ಲಿ ಇದ್ದಲ್ಲಿಗೆ ನಿಲ್ಲಬೇಕು, 2032ರಿಂದ ಇಳಿಯುತ್ತ ಹೋಗಿ 2047ರ ಹೊತ್ತಿಗೆ ಶೇಕಡಾ 85ರಷ್ಟು ಕಡಿಮೆಯಾಗಬೇಕು. ಎ.ಸಿ. ಇರುವ ಗಾಡಿಗಳು ಹೆಚ್ಚುವುದು, ಗ್ಯಾಸ್‌ ಕಡಿಮೆಯಾಗುವುದು ಎರಡೂ ಒಟ್ಟಿಗೆ ನಡೆಯಲಿವೆ. ಅಂಥ ಕಾಲದಲ್ಲಿ ಗಾಡಿಯೊಳಗೆ ಈಗಾಗಲೇ ಇರುವ ಗ್ಯಾಸನ್ನು ಕಾರಣವಿಲ್ಲದೆ ಹೊರತೆಗೆಯದಿರುವುದೇ ಅತ್ಯಂತ ಅಗ್ಗದ ಉಳಿತಾಯ. 2019ರ ಭಾರತ ತಂಪು ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತ್ತು. ಗ್ಯಾಸ್‌ ಹೀರಿ ತುಂಬುವುದನ್ನು ಕಲಿಸುವಷ್ಟೇ ಒತ್ತು ಕೊಟ್ಟು, ಯಾವಾಗ ಗ್ಯಾಸನ್ನು ಮುಟ್ಟಬಾರದು ಎಂಬುದನ್ನೂ ಅಂಥ ತರಬೇತಿಗಳಲ್ಲಿ ಕಲಿಸಬೇಕು.

ಇಂದು ಕಾರ್ಖಾನೆಯಿಂದ ಹೊರಬರುತ್ತಿರುವ ಆ ಲಾರಿಗಳಿಗೂ ವಯಸ್ಸಾಗುತ್ತದೆ. ಹತ್ತು ವರ್ಷ ಕಳೆದು, ಯಾವುದೋ ಒಂದು ಏಪ್ರಿಲ್‌ ಮಧ್ಯಾಹ್ನ ಸಿಂಧನೂರಿನ ಹತ್ತಿರವೋ ಚಿತ್ರದುರ್ಗದ ಹತ್ತಿರವೋ ಬತ್ತ ಹೇರಿಕೊಂಡು ನಿಂತ ಲಾರಿಯ ಕಿಂಡಿಯಿಂದ ಬಿಸಿಗಾಳಿ ಬರತೊಡಗುತ್ತದೆ. ಅಂದು ಗ್ಯಾರೇಜಿನಲ್ಲಿ ಮೊದಲು ಹೊರಬರುವುದು ಗ್ಯಾಸ್‌ ಸಿಲಿಂಡರೋ ಫೀಲರ್‌ ಗೇಜೋ ಎಂಬುದು ಈಗ ನಾವು ಯಾವ ಭಾಗವನ್ನು ಬಿಡಿಯಾಗಿ ಮಾರುತ್ತೇವೆ, ಯಾವ ಕೆಲಸಕ್ಕೆ ಕೂಲಿ ಕೊಡುತ್ತೇವೆ, ಹುಡುಗರಿಗೆ ಏನನ್ನು ಮೊದಲು ಕಲಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಸವೆದದ್ದು ಅರ್ಧ ಮಿಲಿಮೀಟರ್‌ ಎಂದು ಅಳೆದು ಹೇಳಬಲ್ಲವರು ಅಲ್ಲಿದ್ದರೆ ಆ ಚಾಲಕ ಹಗುರವಾದ ಬಿಲ್ಲು ಕಟ್ಟಿ ಅದೇ ಸಂಜೆ ತಂಪಿನಲ್ಲಿ ಮುಂದೆ ಸಾಗುತ್ತಾನೆ, ಲಾರಿಯ ಗ್ಯಾಸ್‌ ಲಾರಿಯಲ್ಲೇ ಉಳಿದಿರುತ್ತದೆ.